ಗೀಜಗ ಬಿಚ್ಚಿದ ಗೂಡು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂದು ಕಲಾಸಂಘವಿತ್ತು. ಸದಸ್ಯರು ಮನೆಯಲ್ಲಿ ಮಾಡಿದ್ದನ್ನು ತಿಂಗಳಿಗೊಮ್ಮೆ ಎಲ್ಲರಿಗೂ ತೋರಿಸುತ್ತಿದ್ದರು. ಆ ಸಲ ಜೇಡ ತನ್ನ ಬಲೆಯನ್ನೂ ಕಣಜದ ಹುಳು ತನ್ನ ಮಣ್ಣಿನ ಕುಡಿಕೆಯನ್ನೂ ತೋರಿಸಿದವು. ಗೀಜಗ ಮಾತ್ರ, "ನನ್ನ ಗೂಡು ಇನ್ನೂ ಮುಗಿದಿಲ್ಲ" ಎಂದ.

ಮನೆಗೆ ಬಂದರೂ ಅವನ ಮನಸ್ಸು ನಿಲ್ಲಲಿಲ್ಲ. ಬಲೆಯ ಎಳೆಗಳಷ್ಟು ನೇರವಾಗಿ ತನ್ನ ಹುಲ್ಲೆಳೆಗಳಿಲ್ಲ, ಕುಡಿಕೆಯಷ್ಟು ದುಂಡಗೆ ತನ್ನ ಗೂಡಿಲ್ಲ ಎನ್ನಿಸಿ ನೇಯ್ದದ್ದನ್ನೆಲ್ಲ ಬಿಚ್ಚತೊಡಗಿದ.

ಆ ಗೂಡನ್ನು ನೋಡಿ ಮೆಚ್ಚಿದ್ದ ಹೆಣ್ಣು ಗೀಜಗ ಬಂದು, "ಬಿಚ್ಚಬೇಡ, ನನಗೆ ಒಪ್ಪಿಗೆಯಾಗಿತ್ತು. ಮೊಟ್ಟೆಯಿಡುವ ಹೊತ್ತಾಯಿತು" ಎಂದಳು.

"ಸ್ವಲ್ಪ ತಾಳು. ಸಂಘದವರು ನೋಡಿ ನಗಬಾರದು."

ಅವನು ನೇಯ್ದ, ಬಿಚ್ಚಿದ, ಮತ್ತೆ ನೇಯ್ದ. ಮುಂದಿನ ಸಭೆಗೆ ಗೂಡು ಸಿದ್ಧವಾಯಿತು. ಎಲ್ಲರೂ ಬೆರಗಾಗಿ ಸುತ್ತ ನೆರೆದರು.

ಕಣಜದ ಹುಳು ಒಳಗೆ ಇಣುಕಿ, "ಇದರಲ್ಲಿ ಯಾರೂ ಇಲ್ಲವಲ್ಲ?" ಎಂದಿತು.

ಗೀಜಗ ಗಾಬರಿಯಿಂದ ಸುತ್ತ ನೋಡಿದ. ಆಚೆಯ ಕೊಂಬೆಯಲ್ಲಿ, ನೆರೆಯ ಗೀಜಗ ಕಟ್ಟಿದ ಸೊಟ್ಟ ಗೂಡಿನೊಳಗಿಂದ ಅವಳ ತಲೆ ಕಾಣಿಸಿತು.

"ತಂಗೀ, ಆ ಗೂಡನ್ನೂ ನೋಡೋಣವೇ?" ಎಂದು ಜೇಡ ಕೂಗಿ ಕೇಳಿತು.

"ದೂರದಿಂದಲೇ ನೋಡಿ" ಎಂದಳು ಅವಳು. "ಒಳಗೆ ಮೊಟ್ಟೆಗಳಿವೆ."