ಮಡುವಿನಲ್ಲಿ ಜಾಗ

ಬೀರೋಜ ಕೆತ್ತಿದ ದೇವಿಯ ಮೂರ್ತಿ, ಹೋದ ಗಾಡಿಯಲ್ಲೇ ವಾಪಸು ಬಂತು. ಸುತ್ತಿದ್ದ ಹುಲ್ಲನ್ನು ಯಾರೂ ಪೂರ್ತಿ ಬಿಚ್ಚಿಯೂ ಇರಲಿಲ್ಲ.

ಜೊತೆಗೆ ದೇವಸ್ಥಾನದ ಹಿರಿಯರ ಓಲೆ: "ಮೂರ್ತಿ ಬಹಳ ಚೆನ್ನಾಗಿದೆ. ನಮಗೆ ಬೇಡ."

ಬೇಡ ಅನ್ನುವವರು ಮೊದಲು ಹೊಗಳುತ್ತಾರೆ. ಹೊಗಳಿಕೆಗೇನು ಖರ್ಚೇ?

ಹಿಂದೆ ಅವನ ಮಣ್ಣಿನ ಮಾದರಿಗಳು ವಾಪಸು ಬಂದಿದ್ದವು. ಕಲ್ಲು ಬಂದದ್ದು ಇದೇ ಮೊದಲು. ಆದರೂ ಬೀರೋಜ ಅಳಲಿಲ್ಲ. ಅವನ ಹತ್ತಿರ ಒಂದು ಕಥೆಯಿತ್ತು.

ಅವನ ಗುರುಗಳ ಮೊದಲ ಮೂರ್ತಿಯನ್ನೂ ಇದೇ ಊರಿನವರು ಹಿಂದಕ್ಕೆ ಕಳಿಸಿದ್ದರಂತೆ. ಮುಂದೊಂದು ದಿನ ಅವರೇ ಪಲ್ಲಕ್ಕಿ ತಂದು ಗುರುಗಳನ್ನು ಕರೆದೊಯ್ದರಂತೆ. ಹೊಳೆದಂಡೆಯ ಅವರ ಕೆತ್ತನೆಶಾಲೆಯಲ್ಲಿ ಸೋತವರೆಲ್ಲ ಆ ಕಥೆಯನ್ನೇ ಹೊದ್ದು ಮಲಗುತ್ತಿದ್ದರು.

ಬೀರೋಜ ಗುರುವಿನ ಮುಂದೆ ನಿಂತ.

"ಗುರುಗಳೇ, ನನಗೂ ಪಲ್ಲಕ್ಕಿ ಬರುತ್ತದೆ ಅಂತ ಹೇಳಿ, ನಾಳೆಯೇ ಹೊಸ ಕಲ್ಲಿಗೆ ಕೈ ಹಾಕುತ್ತೇನೆ. ಬರುವುದಿಲ್ಲ ಅನ್ನುವುದಾದರೆ ಇವತ್ತೇ ಉಳಿ ಕೆಳಗಿಡುತ್ತೇನೆ."

ಗುರು ಮೇಲೆದ್ದರು. "ಹರಿಗೋಲು ತೆಗೆ. ಮೂರ್ತಿಯನ್ನು ಮಡುವಿಗೆ ಬಿಡಬೇಕಲ್ಲ."

ಅದು ಅಲ್ಲಿಯ ಕಟ್ಟಳೆ. ಬೇಡವೆನಿಸಿಕೊಂಡ ಮೂರ್ತಿಯನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಅದಕ್ಕೆ ಕಣ್ಣು ಕೊರೆಯುವುದಂತೂ ಪಾಪ. ಕಣ್ಣು ತೆರೆಯುವುದು ಪ್ರತಿಷ್ಠೆಯ ದಿನ, ಗುಡಿಯೊಳಗೆ ಮಾತ್ರ.

ಬೇಸಿಗೆಯ ಹೊಳೆ ಇಳಿದಿತ್ತು. ಮೂರ್ತಿ ಹೊತ್ತ ಹರಿಗೋಲನ್ನು ಮಡುವಿನ ನಡುವೆ ನಿಲ್ಲಿಸಿ ಗುರು ಹೇಳಿದರು:

"ಮುಳುಗಿ ನೋಡು. ಜಾಗ ಇದೆಯೋ ಇಲ್ಲವೋ."

"ಇಷ್ಟು ದೊಡ್ಡ ಮಡುವಿನಲ್ಲಿ ಜಾಗಕ್ಕೇನು ಬರ?"

"ನೋಡು ಅಂದೆ."

ಬೀರೋಜ ಮುಳುಗಿದ. ತಳದ ಕತ್ತಲಲ್ಲಿ ಅವನ ಕೈಗೆ ಒಂದು ಮುಖ ತಗುಲಿತು. ಪಕ್ಕದಲ್ಲಿ ಇನ್ನೊಂದು. ಅದರ ಮೇಲೆ ಮತ್ತೊಂದು. ಮುಟ್ಟಿದ್ದಕ್ಕೆಲ್ಲ ಕಣ್ಣಿನ ಜಾಗ ನುಣ್ಣಗಿತ್ತು.

ಅವನು ಉಸಿರು ಕಟ್ಟಿ ಮೇಲೆ ಬಂದು ಹರಿಗೋಲಿನ ಅಂಚು ಹಿಡಿದುಕೊಂಡ.

"ಕೆಳಗೆ ರಾಶಿ ಬಿದ್ದಿವೆ. ಎಲ್ಲ ನಿಮ್ಮವೇ?"

"ಒಂದು ನನ್ನದು. ಉಳಿದವು ಹೆಚ್ಚುಕಡಿಮೆ ಎಲ್ಲ ಮಾರೋಜನವು. ನನ್ನ ಜೊತೆಯಲ್ಲೇ ಕಲಿತವನು. ಅವನ ಕೈ ನನಗಿಂತ ಚೆನ್ನಾಗಿತ್ತು."

"ಅವರ ಹೆಸರನ್ನೇ ನಾನು ಕೇಳಿಲ್ಲ."

"ಯಾರು ಹೇಳಬೇಕು? ಪಲ್ಲಕ್ಕಿ ಬಂದವನ ಕಥೆಯನ್ನಷ್ಟೇ ನೀವು ಹೇಳಿಕೊಳ್ಳುತ್ತೀರಿ."

ಬೀರೋಜನಿಗೆ ಚಳಿ ಹತ್ತಿತು. "ಅವರಿಗೆ ಬರಲೇ ಇಲ್ಲವೇ?"

"ಇಲ್ಲ. ಬೀದಿಯಲ್ಲಿ ಸದ್ದಾದರೆ ಎದ್ದು ಬಾಗಿಲಿಗೆ ಬರುತ್ತಿದ್ದ. ತಲೆ ನೆರೆಯುವ ತನಕ ಬಂದ." ಗುರು ನೀರಿನತ್ತ ಕೈ ತೋರಿದರು. "ಮತ್ತೆ ಮುಳುಗು. ಅಲ್ಲಿ ಒಂದಕ್ಕೆ ಕಣ್ಣಿದೆ. ಹುಡುಕು."

ಅವನು ಮುಖದಿಂದ ಮುಖಕ್ಕೆ ಬೆರಳಾಡಿಸುತ್ತ ಹೋದ. ಎದೆ ಒಡೆಯುವ ಹೊತ್ತಿಗೆ ಸಿಕ್ಕಿತು. ಪಾಚಿಯ ಕೆಳಗೆ ರೆಪ್ಪೆಯ ಗೆರೆ, ಅದರೊಳಗೆ ದುಂಡಗೆ ಕೊರೆದ ಪಾಪೆ. ಎಷ್ಟು ಸಣ್ಣ ಕೆಲಸ ಅದು. ಅಂಥ ಗೆರೆ ತನ್ನ ಕೈಯಲ್ಲಿ ಎಂದೂ ಬಂದಿಲ್ಲವೆಂದು ಬೀರೋಜನಿಗೆ ನೀರೊಳಗೇ ಗೊತ್ತಾಯಿತು.

ಮೇಲೆ ಬಂದಾಗ ಅವನು ಅಳುತ್ತಿದ್ದ.

"ಅವರ ಕೊನೆಯದೇ?"

"ಹೌದು. ಅದನ್ನು ಯಾರಿಗೂ ಕಳಿಸಲಿಲ್ಲ. ಅವನೇ ಕಣ್ಣು ತೆರೆದ, ಅವನೇ ತಂದು ಇಲ್ಲಿ ಬಿಟ್ಟ. ಹರಿಗೋಲು ಹಿಡಿದವನು ನಾನು."

"ಆಮೇಲೆ?"

"ಆಮೇಲೆ ಬೀದಿಯಲ್ಲಿ ಸದ್ದಾದರೂ ಏಳಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ತೀರಿಹೋದ."

ಬೀರೋಜ ಹರಿಗೋಲು ಹತ್ತಿ ತನ್ನ ಮೂರ್ತಿಯ ಪಕ್ಕ ಕುಳಿತ. ಹುಲ್ಲಿನ ನಡುವೆ ಅದರ ಮುಖ ಕುರುಡಾಗಿ ಕಾಣುತ್ತಿತ್ತು.

"ಜಾಗ ಇದೆಯಾ?" ಗುರು ಕೇಳಿದರು.

"ಇದೆ."

ಗುರು ಸೊಂಟದಿಂದ ಸಣ್ಣ ಉಳಿಯನ್ನು ತೆಗೆದು ಅವನ ಮುಂದೆ ಹಿಡಿದರು.

ಬೀರೋಜ ಅದನ್ನು ಮುಟ್ಟಲಿಲ್ಲ. "ಕಣ್ಣು ತೆರೆದರೆ ಪಲ್ಲಕ್ಕಿ ಬರುತ್ತದೆಯೇ?"

"ಇಲ್ಲ. ಮುಳುಗುವ ಮೊದಲು ಅದಾದರೂ ನಿನ್ನನ್ನು ಒಮ್ಮೆ ನೋಡಲಿ."