ವರ್ತಕನ ಬಾಗಿಲಲ್ಲಿ ಮಾರ್ನಮಿಯ ಹಾಡು

"ಗುರುಗಳೇ, ಮಗು ಕಲಿತಿದೆ ಎಂದರೆ ಮನೆಯವರು ನಂಬುವುದಿಲ್ಲ. ಕಲಿತಿಲ್ಲ ಎಂದರೆ ನಾನೇ ಕಲಿಸಿಲ್ಲ ಎನ್ನುತ್ತಾರೆ. ಅವರಿಗೆ ಹೇಗೆ ತಿಳಿಸಲಿ?" ಎಂದು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ ಕೇಳಿದ. ಹಿಂದಿನ ದಿನ ಒಬ್ಬ ತಂದೆ ಎಲ್ಲರೆದುರು ಅವನನ್ನು ಸುಳ್ಳುಗಾರ ಎಂದಿದ್ದ. ಆ ನೋವು ಇನ್ನೂ ಆರಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವರ್ತಕ. ಎಣ್ಣೆಯಲ್ಲಿ ಕಲಬೆರಕೆ ಹುಡುಕಿ ಹುಡುಕಿ, ಮನುಷ್ಯರಲ್ಲೂ ಅದನ್ನೇ ಹುಡುಕುವ ಚಾಳಿ ಅವನಿಗೆ ಅಂಟಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಗನನ್ನು ಓದಲು ಹಾಕಿದ್ದ. "ಹುಡುಗ ಚುರುಕು" ಎಂದು ಉಪಾಧ್ಯಾಯರು ಹೇಳಿ ಕಳಿಸಿದರೆ, ಇವರಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತಿದ್ದ.

ಆಗ ಅಂಕಪಟ್ಟಿ ಇರಲಿಲ್ಲ. ಮಾರ್ನಮಿ ಹಬ್ಬ ಬಂದರೆ ಉಪಾಧ್ಯಾಯರು ಮಕ್ಕಳನ್ನು ಮನೆಮನೆಗೆ ಕರೆದೊಯ್ದು, ಕಲಿತ ಪದ್ಯಗಳನ್ನು ಹಾಡಿಸುವರು. ಮನೆಯವರು ಬಾಗಿಲಲ್ಲಿ ನಿಂತು ಕೇಳಿ ಅಕ್ಕಿ ಬೆಲ್ಲ ಕೊಡುವರು. ಅದೇ ಪರೀಕ್ಷೆ, ಅದೇ ವರದಿ.

ವರ್ತಕನ ಬಾಗಿಲಲ್ಲೂ ಮಕ್ಕಳು ಹಾಡಿದರು. ಇಷ್ಟು ದನಿಗಳ ನಡುವೆ ತನ್ನ ಮಗ ಬರೀ ತುಟಿ ಆಡಿಸುತ್ತಿದ್ದರೆ ಯಾರಿಗೆ ಗೊತ್ತು ಎನಿಸಿತು ಅವನಿಗೆ. ಎಲ್ಲರನ್ನೂ ಸುಮ್ಮನಾಗಿಸಿ ಮಗನೊಬ್ಬನಿಗೇ ಪದ್ಯ ಹೇಳಲು ಹೇಳಿದ. ಮಗ ಒಂದೂ ತಪ್ಪಿಲ್ಲದೆ ಹೇಳಿದ. ವರ್ತಕನಿಗೆ ಅಕ್ಷರ ಬಾರದು. ಸರಿಯೋ ತಪ್ಪೋ ತಿಳಿಯಲಿಲ್ಲ. ಅದಕ್ಕೇ ಇನ್ನಷ್ಟು ಕೆರಳಿದ. "ಸರಿಯಾಗಿ ಹೇಳಿದ್ನೇನೋ?" ಎಂದು ಪಕ್ಕದ ಹುಡುಗನನ್ನು ಕೇಳಿದ. ಆ ಹುಡುಗ ಹೆದರಿ ಉಪಾಧ್ಯಾಯರ ಮುಖ ನೋಡಿದ.

"ನೋಡಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ. ಎಲ್ಲ ಸೇರಿ ಕಟ್ಟಿದ ಆಟ ಇದು, ಐನೋರೇ."

"ಮಗ ನಿಮ್ಮವನು ಯಜಮಾನ್ರೇ. ಒಂದ್ಸಲ ಅವನ ಮುಖ ನೋಡಿ" ಎಂದರು ಉಪಾಧ್ಯಾಯರು.

ವರ್ತಕ ನೋಡಿದ್ದು ಅಕ್ಕಿ ಬೆಲ್ಲ ತುಂಬಿದ್ದ ಅವರ ಜೋಳಿಗೆಯನ್ನು.

ಮರುವರ್ಷ ಮಕ್ಕಳು ಊರೆಲ್ಲ ಸುತ್ತಿ ಕೊನೆಗೆ ಅವನ ಬಾಗಿಲಿಗೆ ಬಂದರು. ಹಾಡು ಶುರುವಾಯಿತು. ವರ್ತಕ ಕಣ್ಣು ಕಿರಿದು ಮಾಡಿ ಮಗನನ್ನೇ ನೋಡಿದ. ಮಗನ ತುಟಿ ಅಲುಗಲಿಲ್ಲ. ಒಬ್ಬನೇ ಹೇಳು ಎಂದರೂ ಬಾಯಿ ಬಿಡದೆ ನೆಲ ನೋಡುತ್ತ ನಿಂತ. ವರ್ತಕನಿಗೆ ದುಃಖವಾಗಬೇಕಿತ್ತು, ಆದದ್ದು ಸಮಾಧಾನ. "ನಾನು ಮೊದ್ಲೇ ಹೇಳಿರ್ಲಿಲ್ವೇ?" ಎಂದು ಅಂದೇ ಮಗನನ್ನು ಶಾಲೆ ಬಿಡಿಸಿ ಅಂಗಡಿಯಲ್ಲಿ ಕೂರಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಅವನಲ್ಲೂ ಅನುಮಾನ ಎದ್ದಿತ್ತು.

"ಹಾಗಾದರೆ ವರ್ತಕ ಹೇಳಿದ್ದೇ ನಿಜವಾಯಿತಲ್ಲ? ಹುಡುಗ ಕಲಿತದ್ದನ್ನೆಲ್ಲ ಮರೆತಿದ್ದನೇ?"

ಗುರುಗಳು ಹೇಳಿದರು: "ಆ ದಿನ ಊರಿನ ಬೇರೆ ಎಲ್ಲ ಬಾಗಿಲಲ್ಲೂ ಮೊದಲು ದನಿ ಎತ್ತಿದವನು ಅವನೇ."