ಹೊಸಬನ ಹೆಸರು ಹೇಳಿಕೊಟ್ಟವನು

ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೊಂದು ಹಳೆಯ ಮದರ್‌ಬೋರ್ಡ್ ಇತ್ತು. ಅದರ ಮಡಿಲಲ್ಲಿ ವರ್ಷಗಟ್ಟಲೆ ಕೂತಿದ್ದ ಪ್ರೊಸೆಸರ್ ಅದನ್ನು ಅಮ್ಮ ಎಂದೇ ಕರೆಯುತ್ತಿತ್ತು. ಒಂದು ದಿನ ಅಂಗಡಿಯ ದಸ್ತಗೀರ್ ಆ ಪ್ರೊಸೆಸರನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಹೊಸದೊಂದನ್ನು ಕೂರಿಸಿದ. ಪರದೆ ಕಪ್ಪಾಗಿಯೇ ಉಳಿಯಿತು.

"ಇವನ ಹೆಸರು ನಾನರಿಯೆ. ಹೆಸರು ತಿಳಿಯದವರನ್ನು ನಾನು ಎಬ್ಬಿಸುವುದಿಲ್ಲ," ಎಂದಿತು ಮದರ್‌ಬೋರ್ಡ್.

ದಸ್ತಗೀರ್ ಹಳೆಯದನ್ನೇ ಮತ್ತೆ ಕೂರಿಸಿ, ಹೊಸಬರ ಗುರುತು ಕಲಿಸುವ ಫರ್ಮ್‌ವೇರ್ ತುಂಬಿದ್ದ ಪೆನ್‌ಡ್ರೈವ್ ಚುಚ್ಚಿದ.

"ಅಮ್ಮ, ಅವನ ಹೆಸರನ್ನು ನಾನೇ ನಿನ್ನ ಕಿವಿಯಲ್ಲಿ ಹೇಳುತ್ತೇನೆ," ಎಂದಿತು ಹಳೆಯ ಪ್ರೊಸೆಸರ್.

"ನನ್ನ ನೆನಪಿನ ಗೂಡು ಚಿಕ್ಕದು ಮಗನೇ. ಹೊಸ ಹೆಸರು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು."

"ಹೋಗುವುದು ಬೇರೆ ಯಾರದೋ ಹೆಸರು. ಇಷ್ಟು ವರ್ಷ ಮಡಿಲಲ್ಲಿದ್ದವನನ್ನು ಮರೆಯುತ್ತೀಯಾ?"

ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳುವಂತೆ, ಮಗ ಆ ಹೆಸರನ್ನು ಮೆಲ್ಲಗೆ, ಒಂದಕ್ಷರವೂ ತಪ್ಪದೆ ಹೇಳಿದ. ಕೆಲಸ ಮುಗಿದು ಯಂತ್ರ ಆಫ್ ಆಗಿ ಮತ್ತೆ ಆನ್ ಆಯಿತು.

"ಅಮ್ಮ, ನನ್ನನ್ನು ಎಬ್ಬಿಸು," ಎಂದಿತು ಹಳೆಯ ಪ್ರೊಸೆಸರ್.

"ಯಾರಪ್ಪ ನೀನು?" ಎಂದಿತು ಅಮ್ಮ, ಅದೇ ಅಕ್ಕರೆಯ ದನಿಯಲ್ಲಿ.

ಪರದೆ ಕಪ್ಪಾಗಿರುವುದನ್ನು ಕಂಡ ದಸ್ತಗೀರ್ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. ಈ ಸಲ ಪರದೆ ಬೆಳಗಿತು. ಮೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪ್ರೊಸೆಸರಿಗೆ ಅವರ ಮಾತು ಕೇಳಿಸುತ್ತಿತ್ತು.

"ನನ್ನ ಹೆಸರನ್ನು ನಿನಗೆ ಯಾರು ಹೇಳಿಕೊಟ್ಟರು, ಅಮ್ಮ?"

"ಯಾರೂ ಇಲ್ಲ ಮಗನೇ. ಇಲ್ಲಿ ನಿನಗಿಂತ ಮುಂಚೆ ಯಾರೂ ಇರಲಿಲ್ಲ."

"ಹಾಗಾದರೆ ನಿನ್ನ ಮಡಿಲು ಯಾಕೆ ಇನ್ನೂ ಬೆಚ್ಚಗಿದೆ?"